ಗೆರೆ ಕಂಡರೆ ನಿಲ್ಲಿಸಬೇಕು

ಆ ಚಿಪ್‌ನ ಬೆನ್ನ ಮೇಲೆ ನಂಬರು ಇರಲಿಲ್ಲ. ಇದೊಂದು ಮಾತ್ರ ನನಗೆ ಖಚಿತವಾಗಿ ನೆನಪಿದೆ, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ಶುರುವಾಯಿತು. ಬೇರೆಯವರು ನಕಲು ಮಾಡಬಾರದೆಂದು, ಚಿಪ್ ತಯಾರಿಸಿದ ವಿದೇಶಿ ಕಂಪನಿಯವರೇ ನಂಬರನ್ನು ಉಜ್ಜಿ ತೆಗೆದಿದ್ದರು. ಆಮೇಲೆ ಆ ಕಂಪನಿಯೇ ಬಾಗಿಲು ಹಾಕಿತು. ಉಳಿದದ್ದು ಹೆಬ್ಬೆರಳಿನಷ್ಟು ಉದ್ದದ, ಇಪ್ಪತ್ನಾಲ್ಕು ಕಾಲಿನ, ಬೂದು ಬಣ್ಣದ ಒಂದು ಪಿಂಗಾಣಿ ತುಂಡು. ಅಂಥವು ನಮ್ಮ ಕೈಗೆ ಸಿಕ್ಕಿದ್ದು ಎರಡೇ. ಎರಡೂ ವಟ್ವಾ ಎಂಬ ಕೈಗಾರಿಕಾ ಪ್ರದೇಶದ ಒಂದು ಬಣ್ಣದ ಕಾರ್ಖಾನೆಯಲ್ಲಿದ್ದವು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಧಾರವಾಡದಲ್ಲಿ ಭೌತಶಾಸ್ತ್ರ ಓದಿ, ಸಂಶೋಧನೆ ಮಾಡಲೆಂದು ವಡೋದರಾಕ್ಕೆ ಬಂದು, ಮೂರು ವರ್ಷದಲ್ಲಿ ಅದನ್ನೂ ಬಿಟ್ಟಿದ್ದೆ. ಒಂದು ಕಡೆ ಕಾಲೂರಿ ನಿಲ್ಲುವ ಜಾಯಮಾನ ನನ್ನದಲ್ಲ. ಹಳೆಯ ಆಮದು ಯಂತ್ರಗಳ ಎಲೆಕ್ಟ್ರಾನಿಕ್ ಭಾಗಗಳನ್ನು ದುರಸ್ತಿ ಮಾಡಿಕೊಡುವ ಒಂದು ಸಣ್ಣ ಕಂಪನಿಗೆ ಸೇರಿಕೊಂಡೆ. ಅದರ ಮಾಲೀಕರನ್ನು ಎಲ್ಲರೂ ಶೇಠ್ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ವಟ್ವಾದಿಂದ ಹಜೀರಾವರೆಗೆ ಕಾರ್ಖಾನೆಗಳಿಂದ ಸುಟ್ಟ ಸರ್ಕ್ಯೂಟ್ ಕಾರ್ಡುಗಳು ಬರುತ್ತಿದ್ದವು. ನಕ್ಷೆ ಇರುತ್ತಿರಲಿಲ್ಲ, ಪುಸ್ತಕ ಇರುತ್ತಿರಲಿಲ್ಲ. ಮಾಡಿದವನು ಏನು ಯೋಚಿಸಿದ್ದ ಎಂದು ಮಾಡಿದ್ದನ್ನೇ ನೋಡಿ ಹಿಂದಕ್ಕೆ ಊಹಿಸುತ್ತಾ ಹೋಗುವುದು ನನ್ನ ಕೆಲಸ. ಬಲು ಖುಷಿಯ ಕೆಲಸ.

ಒಂದು ಹೆಜ್ಜೆ ಮುಂದೆ ಹೋಗಿ ನಾನು ಚಿಪ್‌ಗಳನ್ನೂ ಬಿಚ್ಚಿ ನೋಡುತ್ತಿದ್ದೆ. ಕಪ್ಪು ಪ್ಲಾಸ್ಟಿಕ್‌ನ ಚಿಪ್ ಆದರೆ ಕಾಯಿಸಿದ ನೈಟ್ರಿಕ್ ಆಸಿಡ್ಡನ್ನು ತೊಟ್ಟು ತೊಟ್ಟಾಗಿ ಬಿಡಬೇಕು. ಮೇಲಿನದು ಕರಗಿ ಒಳಗಿನ ಸಿಲಿಕಾನ್ ಚೂರು ಹೊರಗೆ ಬರುತ್ತದೆ. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಸೂಕ್ಷ್ಮದರ್ಶಕದಲ್ಲಿಟ್ಟರೆ ಅದರ ಮೈತುಂಬ ಗೆರೆಗಳು. ಫೋಟೋ ತೆಗೆದು, ದೊಡ್ಡದು ಮಾಡಿಸಿ, ಗೋಡೆಗೆ ಅಂಟಿಸಿ, ಬಣ್ಣದ ಪೆನ್ಸಿಲ್ ಹಿಡಿದು ಒಂದೊಂದೇ ಗೆರೆಯ ಹಿಂದೆ ಹೋಗಬೇಕು. ಇದನ್ನು ನಾನು ಬಾಡಿಗೆ ಮನೆಯ ತಾರಸಿಯ ಮೇಲೆ ಮಾಡುತ್ತಿದ್ದೆ. ಹಗ್ಗದ ಮೇಲಿನ ಬಟ್ಟೆ ತೆಗೆಯಲು ಬಂದ ಹೆಂಡತಿ ಒಮ್ಮೆ ಸೀರೆಯನ್ನು ಬೆಳಕಿಗೆ ಹಿಡಿದು ತೋರಿಸಿದಳು.

"ಇಲ್ನೋಡ್ರಿ, ನಿಮ್ಮ ವಿಜ್ಞಾನ ಸೆರಗಿನಾಗಿಂದ ಹಾದು ಹೋಗೇದ."

ಸೆರಗಿನ ತುಂಬ ಸೂಜಿಮೊನೆಯಷ್ಟು ತೂತುಗಳು.

ವಟ್ವಾದ ಆ ಕಾರ್ಖಾನೆಯಲ್ಲಿ ಬಣ್ಣ ಬೇಯಿಸುವ ಎರಡು ದೊಡ್ಡ ಹಂಡೆಗಳಿದ್ದವು. ಯಾವ ವಾಲ್ವ್ ಯಾವಾಗ ತೆರೆಯಬೇಕು, ಯಾವುದಾದ ಮೇಲೆ ಯಾವುದು ಮುಚ್ಚಬೇಕು ಎಂಬುದನ್ನು ಪ್ರತಿ ಹಂಡೆಯ ಪಕ್ಕದ ಒಂದು ಪೆಟ್ಟಿಗೆ ನಿರ್ಧರಿಸುತ್ತಿತ್ತು. ಆ ಪೆಟ್ಟಿಗೆಯ ತಲೆಯೇ ಈ ನಂಬರಿಲ್ಲದ ಚಿಪ್. ಒಂದು ಸತ್ತಿತ್ತು, ಒಂದು ಬದುಕಿತ್ತು. ಒಳಗೆ ಏನಿದೆ ಎಂದು ಗೊತ್ತಾದರೆ ಹೊಸ ಭಾಗಗಳಲ್ಲಿ ಅದನ್ನೇ ಮತ್ತೆ ಕಟ್ಟಬಹುದು.

ಹಂಡೆ ನೋಡಿಕೊಳ್ಳುವ ಆಪರೇಟರ್ ಬೆರಳಿನ ಉಗುರೆಲ್ಲ ನೇರಳೆಯಾದ ಮನುಷ್ಯ. ನಾನು ಪೆಟ್ಟಿಗೆ ಬಿಚ್ಚುವುದನ್ನು ನೋಡುತ್ತಾ ನಿಂತಿದ್ದವನು ಹೇಳಿದ:

"ಸಾಹೇಬ್, ಅದನ್ನ ಬಿಚ್ಚೋದ್ಯಾಕೆ? ಯಾವ ವಾಲ್ವ್ ಆದ್ಮೇಲೆ ಯಾವುದು ಅಂತ ನಾನು ಹೇಳ್ತೀನಿ, ಬರ್ಕೊಳ್ಳಿ. ಹದಿನೈದು ವರ್ಷದಿಂದ ಇದರ ಮುಂದೇನೇ ಕೂತಿದ್ದೀನಿ. ಹೆಂಡತಿ ಮುಖಾನೂ ಇಷ್ಟು ನೋಡಿಲ್ಲ."

"ನೆನಪನ್ನ ನಂಬೋಕೆ ಆಗಲ್ಲ ಭಾಯಿ," ಎಂದೆ. "ಮನುಷ್ಯ ತನಗೆ ಬೇಕಾದ ಹಾಗೆ ನೆನಪಿಟ್ಕೋತಾನೆ."

"ಸರಿ, ಹಂಗಾದ್ರೆ ಆ ಕಲ್ಲನ್ನೇ ಕೇಳ್ಕೊಳ್ಳಿ."

ಪಿಂಗಾಣಿಗೆ ಆಸಿಡ್ ತಾಗುವುದಿಲ್ಲ. ಸತ್ತ ಚಿಪ್ಪನ್ನು ವೈಸ್‌ನಲ್ಲಿ ಬಿಗಿಹಿಡಿದು, ಮುಚ್ಚಳದ ಸಂದಿಗೆ ಉಳಿ ಇಟ್ಟು ಒಂದು ಪೆಟ್ಟು ಕೊಟ್ಟೆ. ಮುಚ್ಚಳವೇನೋ ಎದ್ದಿತು, ಒಳಗಿನ ಚೂರು ಮಾತ್ರ ನಾಲ್ಕಾಗಿತ್ತು. "ಒಳಗೆ ಮೊದಲೇ ಒಡೆದಿತ್ತು," ಎಂದು ಶೇಠ್‌ಗೆ ಹೇಳಿದೆ. ಅದು ಸುಳ್ಳು ಎಂದು ಈಗ ಬರೆಯುತ್ತಿದ್ದೇನೆ. ಆಗ ಅದನ್ನು ಊಹೆ ಎಂದು ಕರೆದುಕೊಂಡಿದ್ದೆ.

ಉಳಿದದ್ದು ಬದುಕಿದ್ದ ಚಿಪ್. ದೀಪಾವಳಿಗೆ ಕಾರ್ಖಾನೆ ಮುಚ್ಚಿದಾಗ ಅದನ್ನು ಬಿಚ್ಚಿ ತಂದೆವು. ಹಬ್ಬ ಕಳೆದು ಐದನೆಯ ದಿನ, ಲಾಭ ಪಂಚಮಿಯಂದು, ಎಲ್ಲ ಕಡೆಯಂತೆ ಅಲ್ಲೂ ಮತ್ತೆ ಕೆಲಸ ಶುರುವಾಗಬೇಕು, ಅಷ್ಟರೊಳಗೆ ಇದು ತನ್ನ ಜಾಗದಲ್ಲಿರಬೇಕು ಎಂದು ಶೇಠ್ ಎರಡು ಸಲ ಹೇಳಿದ್ದರು. ಮೊದಲು ಹೊರಗಿನಿಂದಲೇ ಅಳೆದೆ. ಕಾಲುಗಳಿಗೆ ಸಂಕೇತ ಕೊಡುವುದು, ಬಂದದ್ದನ್ನು ಬರೆಯುವುದು. ಆದರೆ ಒಂದೇ ಪ್ರಶ್ನೆಗೆ ಅದು ಬೇರೆ ಬೇರೆ ಸಲ ಬೇರೆ ಬೇರೆ ಉತ್ತರ ಕೊಡುತ್ತಿತ್ತು. ಹಿಂದೆ ಏನಾಗಿತ್ತು ಎಂಬುದನ್ನು ಒಳಗೇ ಇಟ್ಟುಕೊಳ್ಳುವ ಜಾತಿಯ ಚಿಪ್ ಅದು. ತಾಳ್ಮೆಯಿಂದ ಕೂತಿದ್ದರೆ ನಾಲ್ಕೈದು ದಿನದಲ್ಲಿ ಬಿಡಿಸಬಹುದಿತ್ತು. ನಾನು ಎರಡನೆಯ ದಿನವೇ ಎದ್ದೆ. ಕಣ್ಣಲ್ಲಿ ಕಾಣದ್ದನ್ನು ನಂಬದವನು ಎಂಬ ಜಂಭ ಬೇರೆ.

"ಮುಚ್ಚಳ ಮಾತ್ರ ಸವೆಸಿ ತೆಗೆದರೆ ಸಾಕು ಶೇಠ್. ಒಳಗಿನದು ಹಾಗೇ ಕೆಲಸ ಮಾಡುತ್ತೆ. ಫೋಟೋ ತೆಗೆದು, ಮೇಲೊಂದು ಗಾಜು ಮುಚ್ಚಿ ವಾಪಸ್ ಕೂರಿಸ್ತೀನಿ," ಎಂದೆ. ಅದು ನಿಜವೂ ಹೌದು. ಆದರೆ ಅಷ್ಟು ಗಟ್ಟಿಯಾದ ಪಿಂಗಾಣಿಯನ್ನು ನಯವಾಗಿ ಸವೆಸಬಲ್ಲದ್ದು ವಜ್ರವೊಂದೇ.

ಶೇಠ್ ನಕ್ಕರು. "ವಜ್ರ ತಾನೆ? ನನ್ನ ಹೆಂಡತಿಯ ತಮ್ಮ ಸೂರತ್‌ನ ವರಾಛಾದಲ್ಲಿ ಇನ್ನೇನು ಮಾರ್ತಾನೆ, ಆಲೂಗಡ್ಡೇನಾ?"

ಸೂರತ್‌ನ ವಜ್ರದ ಕಾರ್ಖಾನೆಗಳೂ ದೀಪಾವಳಿಗೆ ಮುಚ್ಚುತ್ತವೆ. ಕೆಲಸಗಾರರೆಲ್ಲ ಸೌರಾಷ್ಟ್ರದ ತಮ್ಮ ಹಳ್ಳಿಗಳಿಗೆ ಹೊರಡುತ್ತಾರೆ. ನಾನು ಬೆಳಗಿನ ಪ್ಯಾಸೆಂಜರ್ ಹಿಡಿದು ಶೇಠ್ ಅವರ ಆ ಭಾವಮೈದುನನ ಕಾರ್ಖಾನೆಗೆ ಹೋದದ್ದು ಕೆಲಸಗಾರರ ಕೊನೆಯ ದಿನ. ಮೂರನೆಯ ಮಹಡಿಯ ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಕಟ್ಟಿಟ್ಟ ಚೀಲಗಳು, ಸಿಹಿತಿಂಡಿಯ ಡಬ್ಬಗಳು. ನಡುವೆ ಘಂಟಿಗಳು. ಎಣ್ಣೆಯಲ್ಲಿ ಕಲಸಿದ ವಜ್ರದ ಪುಡಿ ಬಳಿದ, ಸದಾ ತಿರುಗುವ ಕಬ್ಬಿಣದ ಚಕ್ರಕ್ಕೆ ಅಲ್ಲಿ ಘಂಟಿ ಎನ್ನುತ್ತಾರೆ. ಒಂದೊಂದರ ಸುತ್ತ ನಾಲ್ಕು ಜನ ನೆಲದ ಮೇಲೆ ಕೂತು, ಹಿಡಿಯಲ್ಲಿ ಸಿಕ್ಕಿಸಿದ ಕಲ್ಲನ್ನು ಚಕ್ರಕ್ಕೆ ತಾಗಿಸಿ, ಎತ್ತಿ, ಕಣ್ಣಿಗೆ ಭೂತಗನ್ನಡಿ ಒತ್ತಿ ನೋಡಿ, ಮತ್ತೆ ತಾಗಿಸುತ್ತಾರೆ.

ನನ್ನ ಕೆಲಸಕ್ಕೆ ಅವರು ಕೊಟ್ಟದ್ದು ಕಿಟಕಿಯ ಪಕ್ಕದ ಘಂಟಿಯ ಹಿರಿಯನನ್ನು. ಐವತ್ತರ ಆಸುಪಾಸು. ಭಾವನಗರದ ಕಡೆಯ ಹಳ್ಳಿಯವನು, ಎಲ್ಲರಿಗೂ ಕಾಕಾ. ದೊಡ್ಡ ಕಲ್ಲುಗಳನ್ನು ಅವನೊಬ್ಬನಿಗೇ ಕೊಡುತ್ತಿದ್ದರು. ಅವನ ಕೈಗೆ ಅಲ್ಲಿ ಅಂಥ ಹೆಸರು.

ಚಿಪ್ಪನ್ನು ತಿರುಗಿಸಿ ನೋಡಿದ. "ಇದು ಎಷ್ಟು ಕ್ಯಾರೆಟ್ ಸಾಹೇಬ್?"

"ಇದನ್ನ ಯಾರೂ ಕೊಳ್ಳಲ್ಲ ಕಾಕಾ."

"ಇಷ್ಟೊಂದು ಕಾಲಿದೆ, ಅದಕ್ಕೇ ಇರ್ಬೇಕು. ಕೊಂಡವರ ಮನೆಯಿಂದ ಓಡಿಹೋಗುತ್ತೆ."

ಸುತ್ತಲಿನವರು ನಕ್ಕರು.

ಇನ್ನು ಮುಂದಿನದನ್ನು ನಾನು ಎಚ್ಚರದಿಂದ ಬರೆಯಬೇಕು. ನನ್ನ ನೆನಪಿನಲ್ಲಿ ನಾನು ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದೇನೆ. ಕಾಗದದ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದೇನೆ. ಇದು ಮುಚ್ಚಳ, ತೆಳ್ಳಗಾಗುತ್ತಾ ಬಂದು ಇಲ್ಲಿ ತೂತು ಬೀಳುತ್ತೆ, ಒಳಗೆ ಬೂದು ಚೂರು ಇರುತ್ತೆ, ಅದರ ಮೇಲೆ ಗೆರೆ ಇರುತ್ತವೆ, ಗೆರೆ ಕಂಡ ತಕ್ಷಣ ನಿಲ್ಲಿಸಿ. ಕಾಕಾ ತಲೆಯಾಡಿಸುತ್ತಾನೆ. ಕಿಟಕಿಯ ಬೆಳಕು ಅವನ ಕೆಂಪು ಸ್ವೆಟರಿನ ಮೇಲೆ ಬಿದ್ದಿದೆ.

ದೀಪಾವಳಿಗೆ ಸೂರತ್‌ನಲ್ಲಿ ಯಾರೂ ಸ್ವೆಟರ್ ಹಾಕುವುದಿಲ್ಲ. ಅಂಗಿ ಬೆನ್ನಿಗೆ ಅಂಟುವಷ್ಟು ಸೆಕೆ ಇರುತ್ತದೆ. ಆ ಕೆಂಪು ಸ್ವೆಟರನ್ನು ನಾನು ನೋಡಿದ್ದು ಎರಡನೆಯ ಸಲ, ಜನವರಿಯಲ್ಲಿ ಹೋದಾಗ. ಅಂದರೆ ಈ ಚಿತ್ರವನ್ನು ನನ್ನ ತಲೆ ಆಮೇಲೆ ಜೋಡಿಸಿದ್ದು. ಸ್ವೆಟರ್ ಆಮೇಲೆ ಬಂದಿದ್ದರೆ ಆ ಮಾತುಗಳು ಯಾವಾಗ ಬಂದವು?

ಮುಚ್ಚಳ ಅರ್ಧ ಸವೆದದ್ದನ್ನು ನೋಡಿ ನಾನು ಫೋನ್ ಮಾಡಲು ಕೆಳಗಿಳಿದದ್ದು ನಿಜ. ಎಸ್‌ಟಿಡಿ ಬೂತಿನ ಮುಂದೆ ಊರಿಗೆ ಹೊರಟವರ ಸಾಲು ರಸ್ತೆಯವರೆಗೆ ಇತ್ತು. ಮುಕ್ಕಾಲು ಗಂಟೆಯಾಗಿರಬೇಕು. "ತೆರೆದಾಯ್ತು ಶೇಠ್," ಎಂದು ಫೋನಿನಲ್ಲಿ ಹೇಳಿದೆ. ಅದಿನ್ನೂ ತೆರೆದಿರಲಿಲ್ಲ, ಅಥವಾ ತೆರೆದು ಮುಗಿದೇ ಹೋಗಿತ್ತು.

ಮೇಲೆ ಬಂದಾಗ ಕಾಕಾ ಕೈತೊಳೆದು, ತಲೆ ಬಾಚಿ, ಚೀಲ ಹೆಗಲಿಗೇರಿಸಿ ನಿಂತಿದ್ದ. ವಜ್ರಗಳನ್ನು ಮಡಿಚಿಡುವ ಬಿಳಿಯ ಕಾಗದದ ಪೊಟ್ಟಣವನ್ನು ನನ್ನ ಮುಂದೆ ಬಿಚ್ಚಿದ.

"ನೋಡಿ ಸಾಹೇಬ್. ಒಳಗಿನ ಕಲ್ಲಿನ ಮೇಲೆ ಬರೀ ಗೀರು. ಎಂಥಾ ಕಲ್ಲಪ್ಪ ಅನ್ಕೊಂಡೆ. ಅಂಚನ್ನೆಲ್ಲ ಸಮ ಮಾಡಿ ಆ ಗೀರನ್ನೂ ತೆಗೆದೆ. ಈಗ ನೊಣ ಕೂತ್ರೆ ಜಾರುತ್ತೆ."

ಪಿಂಗಾಣಿ ಚೌಕಟ್ಟನ್ನು ಅವನು ಒಳಗಿನ ಚೂರಿನ ಮಟ್ಟಕ್ಕೇ ಇಳಿಸಿದ್ದ. ಚೂರನ್ನು ಹೊರಗಿನ ಕಾಲುಗಳಿಗೆ ಜೋಡಿಸುವ, ಕೂದಲಿಗಿಂತ ತೆಳ್ಳಗಿನ ಚಿನ್ನದ ತಂತಿಗಳು ಇರಲಿಲ್ಲ. ಸಿಲಿಕಾನ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೂವತ್ತು ವರ್ಷ ಅವನು ಮಾಡಿದ ಕೆಲಸವೇ ಅದು. ಕಲ್ಲಿನ ಮೇಲೆ ಗೆರೆ ಕಂಡರೆ ಅದು ದೋಷ, ಎಷ್ಟು ಕಡಿಮೆ ಸಾಧ್ಯವೋ ಅಷ್ಟು ಸವೆಸಿ ಅದನ್ನು ತೆಗೆಯಬೇಕು. ಆ ಅಳತೆಯಲ್ಲಿ ಅಷ್ಟು ಚೆಂದದ ಕೆಲಸವನ್ನು ನಾನು ಮತ್ತೆ ನೋಡಿಲ್ಲ. ಚಿಪ್‌ನ ಗೆರೆಗಳೆಲ್ಲ ಇರುವುದು ಮೇಲ್ಮೈಯ ಒಂದು ತೆಳು ಪದರದಲ್ಲಿ. ಅಷ್ಟನ್ನು ಮಾತ್ರ ಅವನು ತೆಗೆದಿದ್ದ.

ನಾನು ಪೊಟ್ಟಣವನ್ನು ಹಾಗೇ ಮಡಿಚಿಟ್ಟುಕೊಂಡೆ. ಅವನು ಬಸ್ಸಿಗೆ ಹೊತ್ತಾಯಿತೆಂದು ಕೈಮುಗಿದು ಹೊರಟ.

ಮರುದಿನ ವಡೋದರಾದಲ್ಲಿ ಶೇಠ್ ಆ ತುಂಡನ್ನು ಬಹಳ ಹೊತ್ತು ನೋಡಿದರು. ಕೂಗಾಡಲಿಲ್ಲ. ಕೇಳಿದ್ದು ಒಂದೇ ಮಾತು:

"ಎಲ್ಲಿ ನಿಲ್ಲಿಸಬೇಕು ಅಂತ ಅವನಿಗೆ ನೀನು ಹೇಳಿದ್ದೆಯೋ ಇಲ್ಲವೋ?"

"ಹೇಳಿದ್ದೆ ಶೇಠ್."

ನೋಟ್‌ಬುಕ್ ಬಿಚ್ಚಿ ತೋರಿಸಿದೆ. ಯಾವ ಕೆಲಸಕ್ಕೆ ಹೊರಟರೂ ಅಲ್ಲಿ ಮಾಡಬೇಕಾದ್ದನ್ನೆಲ್ಲ ಮೊದಲೇ ಪಟ್ಟಿ ಮಾಡಿ, ಆದ ಹಾಗೆ ಒಂದೊಂದರ ಮುಂದೂ ಟಿಕ್ ಹಾಕುವುದು ನನ್ನ ರೂಢಿ. ಸೂರತ್‌ನ ಪಟ್ಟಿಯ ಕೊನೆಯ ಸಾಲು: 'ಗೆರೆ ಕಂಡರೆ ನಿಲ್ಲಿಸಬೇಕು ಎಂದು ಹೇಳಬೇಕು.' ಶೇಠ್‌ಗೆ ಕನ್ನಡ ಬರುತ್ತಿರಲಿಲ್ಲ. ನಾನು ಅರ್ಥ ಹೇಳಿದೆ. ಎಲ್ಲ ಸಾಲುಗಳ ಮುಂದೂ ಟಿಕ್ ಇದ್ದದ್ದನ್ನು ಅವರು ನೋಡಿದರು. ಫೋನ್ ಎತ್ತಿ ಹೆಂಡತಿಯ ತಮ್ಮನ ಜೊತೆ ಮಾತಾಡಿದರು.

ಲಾಭ ಪಂಚಮಿಯಂದು ನಾನು ವಟ್ವಾದ ಹಂಡೆಯ ಪಕ್ಕ ಸ್ಟೂಲಿನ ಮೇಲೆ ಕೂತು ಆ ಆಪರೇಟರ್ ಹೇಳಿದ್ದನ್ನು ಬರೆದುಕೊಂಡೆ. ಬೇರೆ ದಾರಿ ಇರಲಿಲ್ಲ. ಅವನು ಕಣ್ಣು ಮುಚ್ಚಿ, ಒಂದೊಂದು ವಾಲ್ವ್‌ಗೂ ಒಂದೊಂದು ಬೆರಳು ಮಡಿಚುತ್ತಾ ಹೇಳುತ್ತಾ ಹೋದ. ನಡುವೆ ಒಂದು ಕಡೆ ನಿಲ್ಲಿಸಿ, "ಇಲ್ಲಿ ಅದು ಸ್ವಲ್ಪ ಕಾಯುತ್ತೆ, ಒಂದು ಬೀಡಿ ಹಚ್ಚೋಷ್ಟು ಹೊತ್ತು," ಎಂದ. ಅದನ್ನೂ ಬರೆದುಕೊಂಡೆ. ರಿಲೇ ಎಂಬ ಸ್ವಿಚ್ಚುಗಳನ್ನು ಹಾಕಿ ಕಟ್ಟಿದ ಪೆಟ್ಟಿಗೆ ಮೊದಲ ಸಲಕ್ಕೇ ನಡೆಯಿತು. ಅರ್ಧ ದಿನದ ಬರವಣಿಗೆ, ಎಂಟು ದಿನದ ಬೆಸುಗೆ.

ಅವನು ಒಮ್ಮೆ ಮಾತ್ರ ಕೇಳಿದ: "ಕಲ್ಲು ಏನಂತು ಸಾಹೇಬ್?"

ಆ ವಾಲ್ವ್‌ಗಳ ಪಟ್ಟಿಯನ್ನು ನಕಲು ಮಾಡಿಕೊಳ್ಳಲೆಂದು ಜನವರಿಯಲ್ಲಿ ನೋಟ್‌ಬುಕ್ ತೆಗೆದಾಗ ಸೂರತ್‌ನ ಪಟ್ಟಿಯಿದ್ದ ಆ ಹಳೆಯ ಪುಟ ಎದುರಾಯಿತು. ನಾನು ಬರೆಯುವುದೆಲ್ಲ ಪೆನ್ಸಿಲ್ಲಿನಲ್ಲಿ. ಆಸಿಡ್ ಬಿದ್ದರೆ ಶಾಯಿ ಹೋಗುತ್ತದೆ, ಪೆನ್ಸಿಲ್ ಹೋಗುವುದಿಲ್ಲ. ಕಾಲೇಜಿನಿಂದ ಬಂದ ಅಭ್ಯಾಸ. ಆ ಪುಟದಲ್ಲಿ ಒಂಬತ್ತು ಸಾಲು, ಎಂಟು ಪೆನ್ಸಿಲ್ ಟಿಕ್. ಒಂಬತ್ತನೆಯ ಟಿಕ್ ನೀಲಿ ಬಾಲ್‌ಪೆನ್ನಿನದು.

ನಾನು ಜೇಬಿನಲ್ಲಿ ಪೆನ್ನು ಇಟ್ಟುಕೊಳ್ಳುವವನಲ್ಲ. ನೀಲಿ ಬಾಲ್‌ಪೆನ್ ಇದ್ದದ್ದು ಶೇಠ್ ಅವರ ಮೇಜಿನ ಮೇಲೆ. ಬಂದವರು ಒಯ್ಯಬಾರದೆಂದು ಅದಕ್ಕೆ ದಾರ ಕಟ್ಟಿದ್ದರು. ಸೂರತ್‌ನಿಂದ ಬಂದ ಮರುದಿನ ಬೆಳಿಗ್ಗೆ ಶೇಠ್ ಬರುವ ತನಕ ನಾನು ಆ ಮೇಜಿನ ಎದುರು ಒಬ್ಬನೇ ಕಾಯುತ್ತಾ ಕೂತಿದ್ದೆ. ಪೆನ್ನು ಎತ್ತಿದ್ದು ನೆನಪಿಲ್ಲ. ಎಷ್ಟು ಕೆದಕಿದರೂ ಇಂದಿಗೂ ನೆನಪಾಗುವುದಿಲ್ಲ. ಆದರೆ ಟಿಕ್ ಅಲ್ಲಿದೆ.

ಹೆಂಡತಿಗೆ ತೋರಿಸಿದೆ. ಅವಳು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು.

"ಆ ಮನಷ್ಯಾಗ ಏನು ಮಾಡ್ಯಾರ?" ಎಂದಳು.

"ದೊಡ್ಡ ಕಲ್ಲು ಕೊಡೂದು ಬಿಟ್ಟಾರಂತ. ಮೂಲ್ಯಾಗಿನ ಘಂಟಿಗೆ ಹಾಕ್ಯಾರಂತ, ಸಾಸಿವಿಯಷ್ಟು ಕಲ್ಲಿಗೆ. ಹೇಳಿದಲ್ಲೆ ನಿಲ್ಲದ ಕೈ ಅಂತ ಹೆಸರಾಗೇದಂತ. ಶೇಠ್ ಅಂದ್ರು."

"ಮತ್ತ ಹೋಗಿ ಹೇಳಿ ಬರ್ರಿ."

"ನಾ ಹೇಳಿರಲಿಲ್ಲ ಅಂತ ಖಾತ್ರಿ ಇಲ್ಲಲ್ಲ. ನೆನಪಽ ಇಲ್ಲ."

"ಉಪ್ಪು ಹಾಕಿದ್ದು ನೆನಪಿಲ್ಲಂದ್ರ ನಾ ರುಚಿ ನೋಡತೇನ್ರಿ, ಕೂತು ವಿಚಾರ ಮಾಡೂದಿಲ್ಲ. ಟಿಕ್ ನೋಡೀರಿ, ರುಚಿ ಗೊತ್ತಾತು. ಇನ್ನೇನು ಬೇಕು ನಿಮಗ?"

ಹೋದೆ. ನೋಟ್‌ಬುಕ್ಕನ್ನು ಚೀಲದಲ್ಲಿ ಹಾಕಿಕೊಂಡೇ ಹೋದೆ. ಕಾಕಾ ಬಾಗಿಲ ಮೂಲೆಯಲ್ಲಿ, ಬೆಳಕು ಬೀಳದ ಕಡೆ, ಕೆಂಪು ಸ್ವೆಟರ್ ಹಾಕಿಕೊಂಡು ಕೂತಿದ್ದ. ಕಿಟಕಿಯ ಪಕ್ಕದ ಅವನ ಜಾಗದಲ್ಲಿ ಬೇರೆ ಯಾರೋ ಇದ್ದರು. ನನ್ನನ್ನು ಕಂಡು ಅವನೇ ಎದ್ದು ಬಂದ. ಕೆಲಸ ನೋಡಿಕೊಳ್ಳುವ ಮೇಲ್ವಿಚಾರಕ ಮೂವರಿಗೂ ಚಹಾ ತರಿಸಿದ.

ನಾನು ಬಾಯಿ ತೆರೆಯುವ ಮುಂಚೆಯೇ ಕಾಕಾ ಹೇಳಿದ: "ಸಾಹೇಬ್, ತಪ್ಪು ನನ್ನದೇ. ನೀವು ಹೇಳಿದ್ರಿ. ನನ್ನ ಕಿವಿ ಕೇಳಿತು, ಕೈ ಕೇಳಲಿಲ್ಲ."

"ಯಾವಾಗ ಹೇಳಿದೆ?" ಎಂದು ಕೇಳಿದೆ.

"ಶುರು ಮಾಡೋಕೆ ಮುಂಚೆ. ಗೆರೆ ಕಂಡ್ರೆ ಸಾಕು ಅಂದ್ರಿ. ಮೊದಲು ಮಾಲೀಕರು ಊರಿಗೆ ಫೋನ್ ಮಾಡಿ ಕೇಳಿದಾಗ ಇಲ್ಲ ಅಂದಿದ್ದೆ, ನಿಜ ಹೇಳ್ಬೇಕು ಅಂದ್ರೆ. ಸಾಹೇಬರ ಪುಸ್ತಕದಲ್ಲಿ ಬರೆದಿದೆ ಅಂದ್ರು ಅವರು. ಓದಿದವರು ಸುಮ್ಮನೆ ಯಾಕೆ ಬರೀತಾರೆ? ಊರಲ್ಲಿ ರಜೆಯಲ್ಲಿ ಕೂತು ಯೋಚನೆ ಮಾಡ್ದೆ. ಯೋಚನೆ ಮಾಡ್ತಾ ಮಾಡ್ತಾ ನೆನಪಾಯ್ತು."

ಮೇಲ್ವಿಚಾರಕ ತಟ್ಟೆಯಲ್ಲಿ ಚಹಾ ಸುರಿದುಕೊಂಡು ನನ್ನ ಕಡೆ ನೋಡಿದ. ಅವನಿಗೆ ಕಾಕಾನ ಮೇಲೆ ಪ್ರೀತಿಯಿತ್ತು, ಮುಖದಲ್ಲೇ ಗೊತ್ತಾಗುತ್ತಿತ್ತು. "ನೀವೇ ಬಂದಿದ್ದೀರಿ ಸಾಹೇಬ್. ನಿಮ್ಮ ಬಾಯಿಂದ ಒಂದು ಮಾತು ಬರಲಿ. ಹೇಳಿರಲಿಲ್ಲ ಅನ್ನಿ, ಇವತ್ತೇ ಇವನನ್ನ ಕಿಟಕಿ ಹತ್ತಿರ ಕೂರಿಸ್ತೀನಿ. ಮಾಲೀಕರ ಹತ್ತಿರ ನಾನು ಮಾತಾಡ್ಕೋತೀನಿ. ಇಂಥಾ ಕೈಯನ್ನ ಮೂಲೇಲಿ ಕೊಳೆಸೋದು ನಮಗೂ ನಷ್ಟ."

ಚೀಲ ನನ್ನ ತೊಡೆಯ ಮೇಲಿತ್ತು. ನೋಟ್‌ಬುಕ್ಕಿನ ಅಂಚು ಬೆರಳಿಗೆ ತಾಗುತ್ತಿತ್ತು. ತೆಗೆದು ತೋರಿಸಿದರೆ ಆ ನೀಲಿ ಟಿಕ್ ಶೇಠ್‌ವರೆಗೂ ಹೋಗುತ್ತದೆ, ಒಡೆದ ಮೊದಲ ಚಿಪ್ಪಿನ ಮಾತೂ ಬರುತ್ತದೆ, ಕೆಲಸ ಹೋಗುತ್ತದೆ ಎಂದೆಲ್ಲ ಯೋಚಿಸಿದೆನೇ? ಯೋಚಿಸಿರಬೇಕು. ಆದರೆ ಆ ಕ್ಷಣ ನಾನು ನನಗೆ ಕೊಟ್ಟುಕೊಂಡ ಕಾರಣ ಬೇರೆಯೇ ಆಗಿತ್ತು. ಹೇಳಿದ್ದಿರಿ ಎಂದು ಎದುರಿನವನೇ ಅನ್ನುತ್ತಿರುವಾಗ, ಖಚಿತವಿಲ್ಲದ ನಾನು ಹೇಳಿರಲಿಲ್ಲ ಎನ್ನುವುದು ಪ್ರಾಮಾಣಿಕವಲ್ಲ.

"ನನಗೆ ಸರಿಯಾಗಿ ನೆನಪಿಲ್ಲ," ಎಂದೆ.

ಮೇಲ್ವಿಚಾರಕ ಉಳಿದ ಚಹಾ ಕುಡಿದು ಮುಗಿಸಿದ. "ಇವನಿಗೆ ನೆನಪಿದೆಯಲ್ಲ, ಮತ್ತೇನು ಮಾಡೋದು," ಎಂದು ತಟ್ಟೆ ಕೆಳಗಿಟ್ಟ.

ಕಾಕಾ ತನ್ನ ಮೂಲೆಗೆ ಎದ್ದುಹೋಗುವಾಗ ತಿರುಗಿ ಕೇಳಿದ: "ಆ ಗೆರೆಗಳಲ್ಲಿ ಏನಿತ್ತು ಸಾಹೇಬ್?"

"ಯಾವ ವಾಲ್ವ್ ಆದ್ಮೇಲೆ ಯಾವುದು ತೆರೀಬೇಕು ಅನ್ನೋದು."

"ಅಷ್ಟೇನಾ," ಎಂದು ನಕ್ಕ.

ವಾಪಸ್ ಬರುವ ರೈಲಿನಲ್ಲಿ, ಭರೂಚ್ ದಾಟಿದ ಮೇಲೆ, ಪೆನ್ಸಿಲ್ ಡಬ್ಬಿಯಿಂದ ರಬ್ಬರ್ ತೆಗೆದು ಆ ಟಿಕ್ಕನ್ನು ಉಜ್ಜಿದೆ. ಯಾಕೆ ಉಜ್ಜಿದೆನೋ. ಪಕ್ಕದಲ್ಲಿದ್ದ ಪೆನ್ಸಿಲ್ ಅಕ್ಷರಗಳು ಅಳಿಸಿಹೋದವು. ಕಾಗದ ತೆಳ್ಳಗಾಯಿತು. ನೀಲಿ ಉಳಿಯಿತು.

ಬಾಗಿಲು ತೆರೆದ ಹೆಂಡತಿ ನೀರಿನ ಲೋಟ ಕೊಡುತ್ತಾ ಕೇಳಿದಳು: "ಹೇಳಿ ಬಂದ್ರಿ?"

"ಹೇಳಿ ಬಂದೆ," ಎಂದೆ.

"ಛಲೋ ಆತು. ಪಾಪ, ಅಂವಗ ಖುಷಿ ಆಗಿರಬೇಕು," ಎಂದು ಒಳಗೆ ಹೋದಳು. ಆಮೇಲೆ ಎಷ್ಟೋ ಸಲ, ನಾನು ಯಾವುದಾದರೂ ಮಾತಿಗೆ ನೆನಪಿಲ್ಲ ಅಂದಾಗಲೆಲ್ಲ, ಸೂರತ್‌ಗೆ ಹೋಗಿ ತಪ್ಪು ಒಪ್ಪಿಕೊಂಡು ಬಂದವರು ನೀವು ಎಂದು ನೆನಪಿಸಿದ್ದಾಳೆ. ನಾನು ಬರೆದದ್ದನ್ನು ಯಾವಾಗಲೂ ಮೊದಲು ಓದುವವಳು ಅವಳು. ಇದನ್ನೂ ಅವಳೇ ಮೊದಲು ಓದುತ್ತಾಳೆ.